ಕಾಲುವೆಗೆ ದನಿಯಾದ ಗಂಟಲಕ್ಕ

ನಮ್ಮ ಪ್ರಾರ್ಥನಾ ಮಂದಿರದ ಕಡೆಯ ಬೆಂಚಿನಲ್ಲಿ ಕುಳಿತು, ಎಲ್ಲರಿಗಿಂತ ಜೋರಾಗಿ ಕೀರ್ತನೆ ಹಾಡಿ, ನನ್ನ ಪ್ರವಚನ ಆರಂಭವಾಗುವ ಮುನ್ನ ಮೆಲ್ಲನೆ ಎದ್ದು ಹೋಗುತ್ತಿದ್ದವಳು ಅವಳೊಬ್ಬಳೇ. ಊರು ಅವಳನ್ನು ಗಂಟಲಕ್ಕ ಎಂದೇ ಕರೆಯುತ್ತಿತ್ತು. ಕಾಲೇಜಿನ ಮೆಟ್ಟಿಲ ಮೇಲೆ ನಿಂತು ಅವಳು ಘೋಷಣೆ ಕೂಗಿದರೆ ಮೈಕು ಹಿಡಿದವರು ಅದನ್ನು ಕೆಳಗಿಡಬೇಕಾಗುತ್ತಿತ್ತು. ಆ ಕಂಠವನ್ನು ದೇವರು ಹಾಡಿಗೆ ಕೊಟ್ಟನೋ ಜಗಳಕ್ಕೆ ಕೊಟ್ಟನೋ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಎರಡಕ್ಕೂ ಕೊಟ್ಟಿದ್ದನೆಂದು ಈಗ ತೋರುತ್ತದೆ.

ತಂದೆತಾಯಿಯಿಲ್ಲದ ಅವಳನ್ನು ಸಾಕಿ ಓದಿಸಿದವನು ಅಣ್ಣ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕುದಿಯುವ ಹಂಡೆಯ ಮುಂದೆ ನಿಲ್ಲುವುದು ಅವನ ಕೆಲಸ. ಉಗುರಿನ ಸಂದಿಯ ನೀಲಿ ಭಾನುವಾರವೂ ಹೋಗುತ್ತಿರಲಿಲ್ಲ. ಕಾರ್ಖಾನೆಯ ನೀರು ನಮ್ಮ ಬೀದಿಯ ಹಿಂದಿನ ಕಾಲುವೆಗೆ ಬೀಳುತ್ತಿತ್ತು. ಬೆಳಗ್ಗೆ ಕಿಟಕಿ ತೆರೆದರೆ ಸಾಕು, ಇಂದು ಯಾವ ಬಣ್ಣ ಕುದಿಯುತ್ತಿದೆಯೆಂದು ಮನೆಮನೆಯವರೂ ಹೇಳಿಬಿಡುತ್ತಿದ್ದೆವು. ಅದು ನಮಗೆ ಮೋಜಾಗಿತ್ತೇ ಹೊರತು ಪಾಪವೆಂದು ತೋರಿರಲಿಲ್ಲ.

ತೋರಿದ್ದು ಅವಳಿಗೆ, ಅವಳ ಜೊತೆಯ ವಿದ್ಯಾರ್ಥಿಗಳಿಗೆ. ಕಾರ್ಖಾನೆಯ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ 'ಕಾಲುವೆ ಉಳಿಸಿ' ಎಂದು ಬರೆಯುವುದೆಂದಾಯಿತು. ಹಂಡೆಯಲ್ಲಿ ಉಳಿದ ಕೆಂಪು ಬಣ್ಣವನ್ನು ಗಂಟಲಕ್ಕ ಅಣ್ಣನಿಂದಲೇ ಕೇಳಿ ತಂದಳು. ತಂಗಿಗೆ ಇಲ್ಲವೆನ್ನುವುದು ಅವನಿಗೆ ಬರುತ್ತಿರಲಿಲ್ಲ. ಬರೆದು ಮುಗಿಸಿದವರೆಲ್ಲ ಉತ್ಸಾಹದಿಂದ ಇಳಿದುಹೋಗಿ ಬ್ರಷ್ಷು, ಬಕೆಟ್ಟುಗಳನ್ನು ಅದೇ ಕಾಲುವೆಯಲ್ಲಿ ತೊಳೆದರು. ಪಾಳಿ ಮುಗಿಸಿ ಬಂದ ಅಣ್ಣ ಕೆಂಪಗೆ ಹರಿಯುವ ನೀರನ್ನು ನೋಡುತ್ತ ನಿಂತ.

"ಏನಮ್ಮಾ, ಗೋಡೆ ಮೇಲೆ ಬರೆದಿದ್ದು ಮೀನಿಗೂ ತಲುಪಲಿ ಅಂತಾನಾ?"

ಎಲ್ಲರೂ ನಕ್ಕರು, ಅವಳು ನಗಲಿಲ್ಲ. ಘೋಷಣೆ ಕೂಗಿ ಕಲಿಯದ್ದನ್ನು ಆ ಬಕೆಟ್ಟಿನಿಂದ ಕಲಿತಳೆಂದು ನನ್ನ ನಂಬಿಕೆ. ಅಂದಿನಿಂದ ಕಾಲುವೆಯ ಗುಂಟ ನಡೆದಳು. ಯಾವ ಬಾವಿ ಕಹಿಯಾಗಿದೆ, ಯಾರ ಮಕ್ಕಳ ಮೈ ತುರಿಸುತ್ತದೆ ಎಂದು ಮನೆಬಾಗಿಲಲ್ಲಿ ಕುಳಿತು ಕೇಳಿದಳು. ಕೂಗುವವಳು ಕೇಳತೊಡಗಿದಾಗ ಜನ ನಂಬಿದರು. ಕೆಲವು ವರ್ಷಗಳಲ್ಲಿ ನಮ್ಮ ಬೀದಿಯೇ ಮುಂದೆ ನಿಂತು ಅವಳನ್ನು ನಗರಸಭೆಗೆ ಆರಿಸಿ ಕಳಿಸಿತು. ಅಣ್ಣ ಅಂದು ಸಿಕ್ಕಸಿಕ್ಕವರ ಕೈ ಕುಲುಕಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಪರೀಕ್ಷೆ ಬಂದದ್ದು ಆಮೇಲೆ. ನೀರು ಶುದ್ಧಗೊಳಿಸುವ ತೊಟ್ಟಿ ಕಟ್ಟುವವರೆಗೆ ಕಾರ್ಖಾನೆ ಮುಚ್ಚಬೇಕೆಂಬ ನಿರ್ಣಯವನ್ನು ಅವಳೇ ಮಂಡಿಸಬೇಕಾಯಿತು. ಬೇರೆಯವರಿಂದ ತಿಳಿಯಬಾರದೆಂದು ಸಭೆಯ ಹಿಂದಿನ ದಿನ ಅಣ್ಣನ ಮನೆಗೆ ಹೋದಳು. ಅಲ್ಲಿ ನಡೆದದ್ದನ್ನು ನನಗೆ ಹೇಳಿದವಳು ಅವಳ ಅತ್ತಿಗೆ. ಅಣ್ಣ ಅಂಗಿಗೆ ಗುಂಡಿ ಹೊಲಿಯುತ್ತಿದ್ದವನು ತಲೆಯೆತ್ತಲಿಲ್ಲವಂತೆ.

"ಆ ಹಂಡೆ ಮುಂದೆ ಬೆಂದು ನಿನ್ನ ಓದಿಸ್ದೆ. ಈಗ ಅದರ ಬೆಂಕಿನೇ ಆರಿಸ್ತೀಯಾ?"

"ಆರಿಸ್ತೀನಣ್ಣ. ಕೆಳಗಿನ ಕೇರಿಯವರು ಆ ನೀರನ್ನೇ ಕುಡೀತಾರೆ."

ಅವನು ದಾರ ಕಡಿದು, ಎದ್ದು ಒಳಗೆ ಹೋದ.

ಸಭೆಯಲ್ಲಿ ಅವಳು ದನಿ ಏರಿಸಲಿಲ್ಲ. ನಿರ್ಣಯ ಓದಿದಳು, ಕೈಯೆತ್ತಿದಳು, ಗೆದ್ದಳು. ಹಂಡೆಗಳು ತಣ್ಣಗಾದವು. ಅಣ್ಣ ಮಾರುಕಟ್ಟೆಯಲ್ಲಿ ಮೂಟೆ ಹೊತ್ತ. ಎದುರಿಗೆ ಸಿಕ್ಕರೂ ತಂಗಿಗೆ ಹೇಳಬೇಕಾದದ್ದನ್ನು ಹೆಂಡತಿಯ ಬಾಯಿಂದ ಹೇಳಿಸುತ್ತಿದ್ದ. ಊರಿನ ಬೈಗುಳವನ್ನೆಲ್ಲ ನಗುತ್ತ ಸಹಿಸಿದವಳು ಆ ಮೌನದಲ್ಲಿ ಮಾತ್ರ ಸೊರಗಿದಳು. ಪ್ರಾರ್ಥನೆಯಲ್ಲಿ ಅವಳ ದನಿ ಕೇಳಿಸದ ವಾರಗಳೂ ಇದ್ದವು.

ಮುಂದಿನ ಚುನಾವಣೆಯಲ್ಲಿ, ಕೆಲಸ ಕಳೆದುಕೊಂಡ ಸಿಟ್ಟಿಗೆ, ನಮ್ಮ ಬೀದಿಯೇ ಅವಳನ್ನು ಸೋಲಿಸಿತು. ಆ ಸಂಜೆ ಅವಳ ಮನೆಗೆ ಮೊದಲು ಹೋದವನು ನಾನೊಬ್ಬನೇ. ಸಾಂತ್ವನಕ್ಕೆಂದು ನಾಲ್ಕು ಒಳ್ಳೆಯ ಮಾತುಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಬಾಗಿಲಲ್ಲಿ ನಿಂತಿದ್ದ.

"ನಾನು ನಿಂಗೆ ವೋಟು ಹಾಕ್ಲಿಲ್ಲ."

"ಗೊತ್ತಣ್ಣ."

"ಹಾಕ್ಬೇಡಿ ಅಂತ ನಾಕು ಜನಕ್ಕೂ ಹೇಳ್ದೆ."

"ಅದೂ ಗೊತ್ತು."

ಅವನು ಒಳಗೆ ಬಂದು ನನ್ನ ಪಕ್ಕದಲ್ಲೇ ನೆಲದ ಮೇಲೆ ಕುಳಿತ. "ತಟ್ಟೆ ಹಾಕು. ಹಸಿವಾಗಿದೆ," ಎಂದ.

ಅವಳು ತಟ್ಟೆ ಹಾಕಿ ಬಡಿಸಿದಳು. ನಾನು ಜೋಡಿಸಿ ತಂದ ಮಾತುಗಳು ನನ್ನಲ್ಲೇ ಉಳಿದವು. ಅಣ್ಣ ಉಂಡು, ಎರಡನೆಯ ಸಲವೂ ಬಡಿಸಿಕೊಂಡ.