ತೋಟಾ ದಾವಲಸಾಬ

ಮುಂಡರಗಿಯ ಚಹಾದಂಗಡಿಯಲ್ಲಿ ದಾವಲಸಾಬ ಕುಳಿತನೆಂದರೆ ಮುಳ್ಳಹಂದಿಗಳ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು. ಬಾಯಿಂದಲೇ ಅಷ್ಟು ಕೊಂದಿದ್ದಾನೆ. ಕಪ್ಪತಗುಡ್ಡದಿಂದಿಳಿದು ತನ್ನ ಶೇಂಗಾ ಹೊಲ ಅಗೆಯುವ ಆ ಪ್ರಾಣಿಗೆ ಬಂದೂಕಿನ ಯಾವ ತೋಟಾ ತಕ್ಕದ್ದು ಎಂಬುದೇ ಅವನ ಜೀವಮಾನದ ಚಿಂತೆ. ಜೇಬಿನಿಂದ ತೋಟಾಗಳನ್ನು ತೆಗೆದು ಮೇಜಿನ ಮೇಲೆ ನಿಲ್ಲಿಸುತ್ತಾನೆ, ಕಿವಿಯ ಹತ್ತಿರ ಅಲುಗಿಸಿ ಒಳಗಿನ ಛರ್ರೆಯ, ಎಂದರೆ ಸೀಸದ ಕಾಳುಗಳ, ಸದ್ದು ಆಲಿಸುತ್ತಾನೆ, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರಂತೆ ಒಂದೊಂದಕ್ಕೂ ಕೊಂಕು ತೆಗೆಯುತ್ತಾನೆ. “ಎಂಟನೇ ನಂಬರಿನ ಛರ್ರೆ ಸಣ್ಣವು, ಗುಬ್ಬಿಗಾದ್ರ ಸೈ. ನಾಕನೇ ನಂಬರು ದಪ್ಪ ಖರೆ, ಮುಳ್ಳಿಗೆ ಬಡದು ಹೊಳ್ಳಿ ಬಂದ್ರ?” ಬಂದೂಕು ಎಲ್ಲಿ ಎಂದು ಮಾತ್ರ ಯಾರೂ ಕೇಳಬಾರದು. ಎಪ್ಪತ್ತೇಳರ ಚುನಾವಣೆಗೆಂದು ಕಾಯ್ದೆಯಂತೆ ಪೊಲೀಸ್ ಠಾಣೆಗೆ ಒಪ್ಪಿಸಿದ್ದು ಇನ್ನೂ ಅಲ್ಲೇ ಇದೆ. “ತರೂದ್ಯಾಕ್ರಿ, ಮತ್ತ ಇಲೆಕ್ಷನ್ ಬರತೈತಿ!” ಈ ಸಲ ಅರ್ಧ ಹೊಲ ಬರಿದಾದಾಗ ಹೆಂಡತಿ ಮೋತಿಬಿ ಅವನೊಡನೆ ಮಾತಿಗೆ ನಿಲ್ಲಲಿಲ್ಲ. ಅವನ ತೋಟಾಗಳಲ್ಲಿ ಕೈಗೆ ಸಿಕ್ಕವನ್ನು ಒಡೆದು, ಒಳಗಿನ ಸೀಸದ ಛರ್ರೆಯನ್ನು ಡಾಲ್ಡಾ ಡಬ್ಬಿಗೆ ಸುರಿದು, ಮುಸ್ಸಂಜೆ ಬದುವಿನ ಮೇಲೆ ನಿಂತು ಗಲಗಲ ಅಲ್ಲಾಡಿಸಿದಳು. ಮುಳ್ಳಹಂದಿಗಳು ಗುಡ್ಡದ ದಾರಿ ಹಿಡಿದವು. ದಾವಲಸಾಬ ಓಡಿ ಬಂದು ಡಬ್ಬಿ ಕಸಿದುಕೊಂಡ, ಕಿವಿಗೆ ಹಿಡಿದು ಅಲುಗಿಸಿದ, ಗಂಭೀರವಾಗಿ ತಲೆಯಾಡಿಸಿದ: “ಎಂಟನೇ ನಂಬರು ಹಾಕಬಾರದಿತ್ತ. ದನಿ ಸಣ್ಣದಾತು.”