ಒಂಟಿ ಕಡಗ

ನಮ್ಮ ಮನೆಯ ಕೂಸಿನ ಎಡಗಾಲಿನಿಂದ ಬೆಳ್ಳಿಯ ಕಡಗ ದಿನಕ್ಕೆ ನಾಲ್ಕಾರು ಸಲವಾದರೂ ಜಾರಿ ಬೀಳುತ್ತದೆ. ತೊಟ್ಟಿಲಲ್ಲಿದ್ದಾಗ ಕೌದಿಯ ಮೇಲೆ ಸದ್ದಿಲ್ಲದೆ ಬೀಳುತ್ತದೆ. ಅಂಗಳದಲ್ಲಿ ಅಂಬೆಗಾಲಿಡುವಾಗ ಕಲ್ಲಿನ ಮೇಲೆ ಠಣ್ಣೆಂದು ಬಿದ್ದು ದನದ ಗೋದಲಿಯ ತನಕ ಉರುಳಿ ಹೋಗುತ್ತದೆ. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು, ಬಗ್ಗಿ ಎತ್ತಿಕೊಂಡು, ಧೋತರದ ಅಂಚಿಗೆ ಒರಸಿ ಮತ್ತೆ ತೊಡಿಸುತ್ತೇನೆ. ನೋಡಿದವರು ನಗುತ್ತಾರೆ, ಬಲಗಾಲಿನದು ಎಲ್ಲಿ ಎಂದು ಕೇಳುತ್ತಾರೆ. ನಾನೂ ನಕ್ಕು ಸುಮ್ಮನಾಗುತ್ತೇನೆ. ನಿಮಗೆ ಮಾತ್ರ, ಗೆಳೆಯರೇ, ಮೊದಲಿನಿಂದ ಹೇಳುತ್ತೇನೆ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆಯಾಗಿಯೇ ಹೇಳುತ್ತೇನೆ, ಏಕೆಂದರೆ ಹೋದ ವರ್ಷದ ಬೇಸಿಗೆಯಲ್ಲಿ ಅವೆರಡೂ ಕಲಸಿಹೋಗಿ ನಾವು ಅರ್ಧ ಜೀವವಾಗಿದ್ದೆವು.

ನಾವು ರಾಜೂರದವರು. ಸ್ವಲ್ಪ ಎರೆಭೂಮಿ ಇದೆ, ಜೊತೆಗೆ ನರೇಗಲ್ಲಿನ ಸಂತೆಯಲ್ಲಿ ಕಾಳಿನ ವ್ಯಾಪಾರ ಮಾಡುತ್ತೇನೆ. ಬಡವರಲ್ಲ, ಆದರೆ ಕೈಬಿಚ್ಚಿ ಖರ್ಚು ಮಾಡುವ ಮನೆತನವೂ ಅಲ್ಲ. ಮೊದಲ ಮಗಳು ನೀಲವ್ವ ಹುಟ್ಟಿದಾಗ ನನ್ನ ಅವ್ವ ಒಂದು ಗೇಣು ಹೊಸ ಬಟ್ಟೆಯನ್ನೂ ಮನೆಗೆ ತರಗೊಡಲಿಲ್ಲ. ಕೂಸಿಗೆ ಹಳೆಯ ಸೀರೆಯೇ ಮೆತ್ತಗೆ ಎಂದು ತನ್ನ ಸವೆದ ಇಳಕಲ್ ಸೀರೆಯನ್ನು ಹರಿದು ತಲೆಗೆ ಕುಲಾಯಿ ಹೊಲಿದಳು, ಕೌದಿ ಹೊಲಿದಳು, ಉಳಿದ ಚಿಂದಿಯನ್ನು ಕೂಸಿನ ಕೆಳಗೆ ಹಾಸುವ ಬಟ್ಟೆ ಮಾಡಿದಳು. ತೊಟ್ಟಿಲು ಓಣಿಯ ಇನ್ನೊಂದು ಮನೆಯಿಂದ ಬಂತು, ಕಾಡಿಗೆ ನಮ್ಮದೇ ಔಡಲೆಣ್ಣೆಯ ದೀಪದಿಂದ ಬಂತು. ಕೈ ಸಡಿಲಾದದ್ದು ಬೆಳ್ಳಿಗೆ ಮಾತ್ರ. ಹೆಸರಿಡುವ ದಿನ ಎರಡೂ ಕಾಲಿಗೆ ದಪ್ಪನೆಯ ಗಟ್ಟಿ ಕಡಗ ಬಂದವು.

"ಕೂಸಿನ ಮೈಮ್ಯಾಲಿಂದು ಎಲ್ಲಿ ಹೊಕ್ಕೈತಿ?" ಎಂದಳು ಅವ್ವ. "ಖರ್ಚು ಮಾಡಿದ್ದಲ್ಲಪಾ ಇದು, ಇಟ್ಟಿದ್ದು."

ಆ ಮಾತು ನನಗೆ ಬಹಳ ಹಿಡಿಸಿತು. ಬೆಳ್ಳಿಯನ್ನು ಗೋಡೆಯೊಳಗೆ ಹುಗಿದರೆ ಗೋಡೆಯನ್ನು ಕಾಯಬೇಕು. ಮಗುವಿನ ಕಾಲಿಗೆ ಹಾಕಿದರೆ ಹೇಗಿದ್ದರೂ ಕಾಯುವ ಮಗುವಿನ ಜೊತೆಗೇ ಅದೂ ಇರುತ್ತದೆ. ಹೀಗೆ ನಾವು ಎರಡು ಕಾವಲನ್ನು ಒಂದು ಮಾಡಿದೆವು. ಕಡಗ ದೊಡ್ಡದಾಗಿಯೇ ಇರಲಿ ಎಂದು ಊರಿನ ಅಕ್ಕಸಾಲಿಗ ಪತ್ತಾರನಿಗೆ ಹೇಳಿದ್ದೆ. ಒಳಗೆ ಅರಿವೆಯ ಎಳೆ ಸುತ್ತಿ ತೊಡಿಸಿದೆವು; ಕಾಲು ಬೆಳೆದಂತೆ ಒಂದೊಂದು ಸುತ್ತು ಬಿಚ್ಚುತ್ತ ಹೋದೆವು. ಎರಡು ವರ್ಷ ಈ ಉಪಾಯ ನಡೆಯಿತು. ಆಮೇಲೆ ಬಿಚ್ಚಲು ಎಳೆ ಉಳಿಯಲಿಲ್ಲ.

"ಏನ್ರಿ, ಕೂಸಿನ ಕಾಲು ನೋಡ್ರಿಲ್ಲೆ," ಎಂದಳು ನನ್ನ ಹೆಂಡತಿ. "ಕಡಗದ ಕೆಳಗ ಕಿರಿಬಟ್ಟು ಸೈತ ಹೋಗವಲ್ದು. ಪತ್ತಾರನ ಕಡೆ ಒಯ್ದು ಬಿಡಸ್ಕೊಂಡು ಬರ್ರಿ."

ಬಿಡಿಸಿದರೆ ಮತ್ತೆ ಬೆಳ್ಳಿ ಕೂಡಿಸಿ ದೊಡ್ಡದು ಮಾಡಿಸಬೇಕು, ಅದಕ್ಕೆ ಪತ್ತಾರನ ಕೂಲಿ ಬೇರೆ. "ಸುಗ್ಗಿ ಆಗ್ಲಿ ತಡಿ," ಎಂದೆ.

"ಹಂಗಾದ್ರ ಸುಗ್ಗಿ ತನಕ ಬೆಳೀಬ್ಯಾಡ ಅಂತ ನಿಮ್ಮ ಮಗಳಿಗೆ ನೀವs ಹೇಳ್ರಿ."

ಸುಗ್ಗಿ ಆಯಿತು. ಜೋಳದ ದರ ಬಿದ್ದಿತೆಂದು ಮತ್ತೆ ಮುಂದೆ ಹಾಕಿದೆ. ಅಷ್ಟರಲ್ಲಿ ಬೇಸಿಗೆ ಬಂತು, ಬೇಸಿಗೆಯ ಜೊತೆಗೆ ನರಗುಂದದ ದಂಗೆಯ ಸುದ್ದಿ ಬಂತು.

ನಾನು ಕಂಡದ್ದು ಇಷ್ಟು: ಗಜೇಂದ್ರಗಡದ ದಾರಿಯಲ್ಲಿ ಗಂಟು ಹೊತ್ತ ಜನ, ಹೊದಿಕೆ ಕಟ್ಟಿದ ಬಂಡಿಗಳು, ನಡುನಡುವೆ ಯಾರನ್ನೂ ನೋಡದೆ ಹೋಗುವ ಗಂಡಸರು. ಸಂತೆ ನಿಂತಿತು. ಕುಂಪಣಿಯ ದಂಡು ಬಂತೆಂದು ಒಬ್ಬರು, ಹೋಯಿತೆಂದು ಇನ್ನೊಬ್ಬರು ಹೇಳಿದರು. ಕೇಳಿದ್ದು ಇದು: ಜಕ್ಕಲಿಯ ದಾರಿಯಲ್ಲಿ, ಹಾಳು ಬಾವಿಯ ಹತ್ತಿರ, ಒಂದು ಕೂಸು ಸಿಕ್ಕಿತಂತೆ. ಕಾಲಲ್ಲಿ ಕಡಗವಿತ್ತಂತೆ, ಅದು ಬಿಗಿಯಾಗಿತ್ತಂತೆ, ಬಿಚ್ಚಲು ಕಳ್ಳರಿಗೆ ಪುರಸತ್ತಿರಲಿಲ್ಲವಂತೆ, ಅವರ ಕೈಯಲ್ಲಿ ಕೊಡಲಿ ಇತ್ತಂತೆ. ಹೇಳಿದವನು ಅಲ್ಲಿಗೇ ನಿಲ್ಲಿಸಿದ. ಆ ಕೂಸು ಯಾರದೆಂದು ಇಂದಿನವರೆಗೂ ಯಾರೂ ಹೇಳಿಲ್ಲ. ಅದು ಸುಳ್ಳೇ ಇರಬಹುದು. ಆದರೆ ಅದನ್ನು ಕೇಳಿದ ಕ್ಷಣ ನಾನು ನೋಡಿದ್ದು ನೀಲವ್ವನ ಕಾಲನ್ನು. ಅವಳು ಹೊಸ್ತಿಲ ಮೇಲೆ ಕುಳಿತು ಎರಡೂ ಹಿಮ್ಮಡಿಯನ್ನು ನೆಲಕ್ಕೆ ಬಡಿದು ಕಡಗದ ಸದ್ದು ಮಾಡುತ್ತಿದ್ದಳು. ಓಣಿಯ ತುದಿಯವರೆಗೂ ಕೇಳಿಸುವಂಥ ಸದ್ದು.

ಪತ್ತಾರ ಮೌನಪ್ಪನ ಮನೆಗೆ ಓಡಿದೆ. ಬಾಗಿಲಿಗೆ ಕೀಲಿ ಬಿದ್ದಿತ್ತು; ಅಡೆಗಲ್ಲು, ಇಕ್ಕಳ ಎಲ್ಲ ಕಟ್ಟಿಕೊಂಡು ಅವನು ಹೆಂಡತಿಯ ಊರಿಗೆ ಹೋಗಿ ಎರಡು ದಿನವಾಗಿತ್ತು. ಮನೆಗೆ ಬಂದು ಔಡಲೆಣ್ಣೆ ಹಚ್ಚಿ ಎಳೆದೆವು, ಅಂಟವಾಳದ ನೊರೆ ಹಚ್ಚಿ ಎಳೆದೆವು. ಕಡಗ ಕಾಲಗಂಟಿಗೆ, ಹರಡಿನ ಎಲುಬಿಗೆ ಬಂದು ನಿಂತುಬಿಡುತ್ತಿತ್ತು, ಮಗು ಉಸಿರು ಹಿಡಿದು ಅಳುತ್ತಿತ್ತು. ಎರಡು ತುದಿ ಕೂಡುವಲ್ಲಿ ಕೂದಲೆಳೆಯಷ್ಟು ಸಂದಿತ್ತು. ಅದಕ್ಕೆ ಉಳಿ ಇಟ್ಟೆ, ಮಗು ಕಾಲು ಜಾಡಿಸಿತು, ತೆಗೆದೆ. ಕಂಬಾರನನ್ನು ಕರೆತಂದರೆ ಅವನು ಒಮ್ಮೆ ನೋಡಿ, "ನಾ ಹೊಲದ ಕುಂಟಿ ಕುಡ ಬಡಿಯೋನ್ರಿ ಯಜಮಾನ್ರ, ಕೂಸಿನ ಕಾಲಿಗೆ ನನ್ನ ಕೈ ಬರೂದಿಲ್ಲ," ಎಂದು ಹೊರಟುಹೋದ.

ಕೊನೆಗೆ ಉಪಾಯ ಹೇಳಿದವಳು ಅವ್ವ. ಎರಡೂ ಕಾಲಿಗೆ ಅರಿಷಿಣ ಬೂದಿ ಕಲಸಿ ಬಳಿದು, ಚಿಂದಿ ಸುತ್ತಿ, ಯಾರು ಕೇಳಿದರೂ ನಾರುಹುಣ್ಣು ಎನ್ನಬೇಕು. ನಮ್ಮ ಕಡೆ ಬಾವಿಯ ನೀರು ಕುಡಿದವರಿಗೆ ಆ ಹುಣ್ಣು ಹೊಸತಲ್ಲ. ಕಾಲಿನಿಂದ ದಾರದಂಥ ಹುಳ ಹೊರಬರುವುದನ್ನು ನೋಡಲು ಯಾರೂ ಇಷ್ಟಪಡುವುದಿಲ್ಲ. ಎರಡು ವರ್ಷ ನಾಲ್ಕು ಜನಕ್ಕೆ ತೋರಿಸಿದ ಬೆಳ್ಳಿಯನ್ನು ಹೀಗೆ ರೋಗವೆಂದು ಮುಚ್ಚಿಟ್ಟೆವು.

ಮೂರನೆಯ ದಿನ ಸುಡುವ ಮಧ್ಯಾಹ್ನ ಮೂವರು ಅಂಗಳಕ್ಕೆ ಬಂದರು. ದಂಡಿನವರೋ, ದಂಡಿಗೆ ಹೆದರಿ ಓಡಿಬಂದವರೋ, ದಾರಿಗಳ್ಳರೋ ನನಗೆ ತಿಳಿಯಲಿಲ್ಲ, ಈಗಲೂ ತಿಳಿಯದು. ಒಬ್ಬನ ಬಗಲಲ್ಲಿ ಗೋಣಿ ಸುತ್ತಿದ ಉದ್ದನೆಯ ವಸ್ತುವಿತ್ತು. ನೀರು ಕೇಳಿದರು. ನಾನು ಕೊಡ ತಂದೆ. ಅವರಲ್ಲಿ ಹಿರಿಯ, ಗಲ್ಲಮೀಸೆಯವನು, ಕುಡಿಯದೆ ಅವ್ವನ ತೊಡೆಯ ಮೇಲಿದ್ದ ನೀಲವ್ವನನ್ನೇ ನೋಡಿದ.

"ಏನಾಗೈತಿ ಬೇ ಕೂಸಿನ ಕಾಲಿಗೆ?"

"ನಾರುಹುಣ್ಣಪಾ. ಎರಡೂ ಕಾಲಿಗೆ ಆಗೈತಿ."

"ಎರಡೂ ಕಾಲಿಗೆ? ಇಷ್ಟು ಸಣ್ಣ ಕೂಸಿಗೆ?" ಅವನ ಮುಖದಲ್ಲಿ ನಿಜವಾದ ಮರುಕ ಕಂಡಿತು, ನಾನು ಹೆಚ್ಚು ಹೆದರಿದ್ದು ಆಗಲೇ. "ನಮ್ಮವ್ವ ನಾರು ತಗೀತಿದ್ಲು. ನನಗೂ ಬರ್ತೈತಿ. ತಾ ಇಲ್ಲೆ."

"ಬ್ಯಾಡಪಾ, ಮುಟ್ಟಿದ್ರ ಚೀರ್ತಾಳ."

"ಚೀರ್ಲಿ ಬೇ. ನಾರು ಒಳಗs ಹರಿದ್ರ ಕಾಲು ಹೊಕ್ಕೈತಿ."

"ಏ, ಬಾರಲೇ ಲಗೂ," ಎಂದ ಗೋಣಿಯವನು. "ದಾರ್ಯಾಗ ನಿಂತು ವೈದ್ಯಕಿ ಹಚ್ಚ್ಯಾನ!"

ನಾವು ಬೈಗುಳಕ್ಕೆ, ಹೊಡೆತಕ್ಕೆ ಸಿದ್ಧರಾಗಿದ್ದೆವು. ದಯೆಗೆ ಸಿದ್ಧರಾಗಿರಲಿಲ್ಲ. ಅವನು ಕುಕ್ಕರಗಾಲಲ್ಲಿ ಕುಳಿತು ಚಿಂದಿಯ ಗಂಟು ಬಿಚ್ಚಿದ. ಅವಸರ ಮಾಡಲಿಲ್ಲ, ನೋವಾದೀತೆಂದು ಒಂದೊಂದೇ ಸುತ್ತು ತೆಗೆದ. ಕೊನೆಯ ಸುತ್ತಿಗೆ ಬೂದಿಯ ನಡುವೆ ಬೆಳ್ಳಿ ಹೊಳೆಯಿತು.

ಅವನು ಅವ್ವನನ್ನು ನೋಡಿದ, ಬಾಗಿಲ ಮರೆಯಲ್ಲಿದ್ದ ನನ್ನ ಹೆಂಡತಿಯನ್ನು ನೋಡಿದ, ಆಮೇಲೆ ಕೊಡ ಹಿಡಿದು ನಿಂತ ನನ್ನನ್ನು ನೋಡಿದ.

"ಭಾರೀ ನಾರು ಬೇ ಇದು," ಎಂದ. ಬೂದಿಯನ್ನು ಹೆಬ್ಬೆರಳಿನಿಂದ ಒರಸಿದ. ಕಡಗದ ಅಂಚಿಗೆ ಚರ್ಮ ಕಂದಿ ನೀಲಿಯಾಗಿತ್ತು. "ಇನ್ನೊಂದು ತಿಂಗಳು ಬಿಟ್ರ ಖರೇನs ಹುಣ್ಣು ಆಕ್ಕಿತ್ತು. ಇದರ ಅಪ್ಪ ನೀನೇನು? ಕಾಣ್ಲಿಲ್ಲೇನು ನಿನಗ?"

"ಕಂಡಿತ್ರಿ."

"ಮತ್ತ?"

"ಪತ್ತಾರನ ಕೂಲಿ ಉಳಿಸಾಕ ಹೋಗಿದ್ನಿರಿ," ಎಂದೆ. ಸುಳ್ಳು ಹೇಳುವಷ್ಟು ಶಕ್ತಿ ಉಳಿದಿರಲಿಲ್ಲ.

ಅವನು ಸೊಂಟದಿಂದ ಚೂರಿ ತೆಗೆದ. ನನ್ನ ಹೆಂಡತಿಯ ಗಂಟಲಿನಿಂದ ಬಂದ ಸದ್ದು ಮನುಷ್ಯರದಾಗಿರಲಿಲ್ಲ. ನಾನು ಮುಂದೆ ಹೋಗಬೇಕಿತ್ತು, ಹೋಗಲಿಲ್ಲ. ಇದನ್ನೂ ಬರೆಯಲೇಬೇಕು. ಕೊಡದ ನೀರು ನನ್ನ ಕಾಲ ಮೇಲೆ ಚೆಲ್ಲುತ್ತಿದ್ದುದು ಮಾತ್ರ ತಿಳಿಯುತ್ತಿತ್ತು. ಅವನು ಅದೇ ಚಿಂದಿಯನ್ನು ಮಡಚಿ, ಕಡಗಕ್ಕೂ ಚರ್ಮಕ್ಕೂ ನಡುವೆ ಹೇಗೋ ತೂರಿಸಿ, ಚೂರಿಯ ತುದಿಯನ್ನು ಸಂದಿಗೆ ಇಟ್ಟು ಮಣಿಕಟ್ಟು ತಿರುಗಿಸಿದ. ಬೆಳ್ಳಿ ಬಾಯಿ ಬಿಟ್ಟಿತು. ಆಮೇಲೆ ಇನ್ನೊಂದು ಕಾಲು. ನೀಲವ್ವ ಅಳಲಿಲ್ಲ, ಅವನ ಮೀಸೆಯನ್ನು ಹಿಡಿಯಲು ಕೈ ಚಾಚಿದಳು.

ಎರಡೂ ಕಡಗವನ್ನು ಅಂಗೈಯಲ್ಲಿ ಆಡಿಸಿ ನೋಡಿದ. ಒಂದನ್ನು ಅವ್ವನ ಉಡಿಗೆ ಹಾಕಿದ. ಇನ್ನೊಂದನ್ನು ತನ್ನ ಸೊಂಟಕ್ಕೆ ಸಿಕ್ಕಿಸಿದ.

"ಇದು ನನ್ನ ಕೂಲಿ," ಎಂದ. ನೀರು ಕುಡಿದರು, ಹೋದರು.

ಆ ಮನುಷ್ಯ ನಮ್ಮನ್ನು ದೋಚಿದನೋ ಕಾಪಾಡಿದನೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಒಂದೊಂದು ದಿನ ಒಂದೊಂದು ಉತ್ತರ ಬರುತ್ತದೆ. ಬದಲಾಗದೆ ಉಳಿದಿರುವುದು ಬೇರೆ ಮಾತು: ನಾವು ಹೆದರಿದ್ದು ಅವನ ಚೂರಿಗೆ, ಆದರೆ ನನ್ನ ಮಗಳ ಕಾಲನ್ನು ಆರು ತಿಂಗಳಿನಿಂದ ಹಿಡಿದು ಹಿಸುಕುತ್ತಿದ್ದ ಕೈ ನನ್ನದು. ಮಗುವಿಗಾಗಿ ಉಳಿಸುತ್ತಿದ್ದೇನೆ ಎಂದುಕೊಂಡು ಮಗುವಿನಿಂದಲೇ ಕಸಿದು ಉಳಿಸುತ್ತಿದ್ದೆ. ಹರಿದ ಸೀರೆಯ ಕುಲಾಯಿ ಅವಳಿಗೆ ಏನೂ ಕಡಿಮೆ ಮಾಡಲಿಲ್ಲ, ಕಡ ತಂದ ತೊಟ್ಟಿಲು ಏನೂ ಕಡಿಮೆ ಮಾಡಲಿಲ್ಲ. ಅವು ಅವಳ ಜೊತೆಗೆ ಮೆತ್ತಗೆ ಬಾಗಿದವು. ಬಾಗದೆ ಉಳಿದದ್ದು ನಾವು ಸಂಪತ್ತೆಂದು ಕರೆದದ್ದೊಂದೇ. ಕಾಲ ಮೇಲಿನ ಗುರುತು ಈಗ ಮಾಸಿದೆ. ಆದರೂ ಅವಳು ಮಲಗಿದಾಗ ನಾನು ಹರಡನ್ನು ಮುಟ್ಟಿ ನೋಡುತ್ತೇನೆ. ಹಾಗೆ ಮುಟ್ಟುವಾಗಲೆಲ್ಲ ಜಕ್ಕಲಿಯ ದಾರಿಯ, ಇತ್ತೋ ಇಲ್ಲವೋ ತಿಳಿಯದ, ಆ ಇನ್ನೊಂದು ಕೂಸು ನೆನಪಾಗುತ್ತದೆ.

ಈ ವರ್ಷ ಮಗ ಹುಟ್ಟಿದ. ಪತ್ತಾರ ತಿರುಗಿ ಬಂದಿದ್ದ. ಬರಿಗಾಲಲ್ಲಿ ಹೆಸರಿಡಬಾರದೆಂದು ಅವ್ವ ಹಟ ಹಿಡಿದಳು. ಸೊಟ್ಟಾದ ಒಂಟಿ ಕಡಗವನ್ನು ಮೌನಪ್ಪನ ಮುಂದೆ ಇಟ್ಟೆ.

"ಹೋದ ಸಲದಂಗs ಮಾಡ್ಲೇನ್ರಿ? ಎರಡು ವರ್ಷ ಬರೂ ಹಂಗ?"

"ಬ್ಯಾಡ. ಒಂದು ಬಟ್ಟಿನಿಂದ ಎಳೆದ್ರ ಕಳಚಬೇಕು."

ಅವನು ನಕ್ಕ. "ಹಂಗಾದ್ರ ದಿನಾ ಬೀಳ್ತೈತಲ್ರಿ. ಒಂದಿನ ಎಲ್ಲೋ ಕಳದs ಹೊಕ್ಕೈತಿ."

"ಕಳೀಲಿ ಬಿಡು ಮೌನಪ್ಪ," ಎಂದೆ, ಅವನು ಕೇಳುವ ಮೊದಲೇ ಕೂಲಿಯನ್ನು ಅವನ ಮುಂದೆ ಇಟ್ಟೆ.

ಇದನ್ನು ಬರೆಯುತ್ತಿರುವಾಗಲೇ ಅಂಗಳದಲ್ಲಿ ಮತ್ತೆ ಠಣ್ಣೆಂದಿತು. ಮೊದಲು ಲೇಖನಿ ನಿಂತುಬಿಡುತ್ತದೆ. ಆ ಬೇಸಿಗೆ ಇನ್ನೂ ನನ್ನೊಳಗಿಂದ ಹೋಗಿಲ್ಲ. ಆಮೇಲೆ ತಲೆ ಎತ್ತಿ ನೋಡುತ್ತೇನೆ. ಕಡಗ ಗೋದಲಿಯ ಕಡೆ ಉರುಳುತ್ತಿದೆ. ಕೂಸು ಬರಿಗಾಲಲ್ಲಿ, ಅದರ ಗೊಡವೆಯೇ ಇಲ್ಲದೆ, ಇನ್ನೊಂದು ಕಡೆ ಅಂಬೆಗಾಲಿಡುತ್ತಿದೆ. ನಾನು ಮೊದಲು ಕೂಸನ್ನು ಎತ್ತಿಕೊಳ್ಳುತ್ತೇನೆ.