ಕಾಕಾನ ಒಡಪು

ಮೊನ್ನೆ ಚಿಕ್ಕೋಡಿ ಪೇಟೆಯಲ್ಲಿ ಕಿರಾಣಿ ಅಂಗಡಿಯವನು ಗುಗ್ಗುಳದ ಹೊಗೆ ಹಾಕಿದ್ದ. ಜೀರಿಗೆಗೆಂದು ಹೋದವಳು ಸುಮ್ಮನೆ ನಿಂತುಬಿಟ್ಟೆ. ನಿಮಗೂ ಹೀಗಾಗಿರಬೇಕು, ಒಂದು ವಾಸನೆ ಕೈಹಿಡಿದು ಎಲ್ಲಿಗೋ ಕರೆದೊಯ್ಯುತ್ತದೆ. ನನ್ನನ್ನು ಅದು ಯಡೂರಿಗೆ, ನಮ್ಮ ಕಾಕಾನ ಪಡಸಾಲೆಗೆ ಕರೆದೊಯ್ದಿತು.

ಕಾಕಾ ಪುರವಂತರು. ಮದುವೆಮನೆಯ ಮೆರವಣಿಗೆಯಲ್ಲಿ ವೀರಭದ್ರನನ್ನು ಹೊಗಳುವ ಒಡಪು ಹೇಳುತ್ತ ಕುಣಿಯುತ್ತಿದ್ದರು. ಆವೇಶ ಏರಿದಾಗ ತೆಳ್ಳನೆಯ ಶಸ್ತ್ರವನ್ನು ಕೆನ್ನೆಗೆ ಚುಚ್ಚಿಕೊಳ್ಳುತ್ತಿದ್ದರು. ಉಳಿದ ದಿನ ಮಹಾ ಪುಕ್ಕಲರು, ಇಂಜೆಕ್ಷನ್ ಅಂದರೆ ಹಿತ್ತಲ ಬಾಗಿಲು ಹುಡುಕುವವರು. ಸಂಜೆ ಗುಗ್ಗುಳ ಹಾಕಿ, ಕಣ್ಣುಮುಚ್ಚಿ ಒಡಪು ಹೇಳಿಕೊಳ್ಳುವಾಗ ಹೊಗೆ ಯಾವುದು, ದನಿ ಯಾವುದು ಎಂದು ಅರೆನಿದ್ದೆಯಲ್ಲಿದ್ದ ನನಗೆ ತಿಳಿಯುತ್ತಿರಲಿಲ್ಲ.

ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದು, ಜಾಲತಾಣದಲ್ಲಿ ಅವರ ಹೆಸರಿನದೊಂದು ಖಾತೆ ತೆರೆದು ಹಾಕುತ್ತಿದ್ದೆ. ಮನೆತನದಲ್ಲೇ ಮೊದಲು ಸ್ಮಾರ್ಟ್‌ಫೋನ್ ಕೊಂಡವಳೆಂಬ ಜಂಬ ಬೇರೆ. ಜಾಗ ಸಾಲದೆಂದು, ಹಾಕಿದ್ದನ್ನು ಫೋನಿನಿಂದ ಅಳಿಸಿಬಿಡುತ್ತಿದ್ದೆ.

"ನೀನೂ ಒಂದೀಟ ಕಲ್ಕೋ ಯವ್ವಾ, ಬಾಯಾಗ ಇರ್ಲಿ," ಅನ್ನುತ್ತಿದ್ದರು.

"ಮೊಬೈಲ್‌ನಾಗ ಐತಲ್ಲರೀ ಕಾಕಾ, ಎಲ್ಲಿ ಹೋಗ್ತೈತಿ?"

ಒಂದು ದಿನ ಕೆನ್ನೆಯಲ್ಲಿ ಶಸ್ತ್ರವಿದ್ದ ಫೋಟೋ ಹಾಕಿದೆ. ಮರುದಿನ ಬೆಳಿಗ್ಗೆ ಖಾತೆಯೇ ಬಂದ್ ಆಗಿತ್ತು. ಹಿಂಸೆಯಂತೆ! ಜೊತೆಗೊಂದು ಸಲಹೆ: ಕಷ್ಟದಲ್ಲಿದ್ದರೆ ನಂಬಿದವರೊಡನೆ ಮಾತಾಡಿ. ಕಾಕಾಗೆ ಓದಿ ಹೇಳಿದೆ.

"ವೀರಭದ್ರನ ಕೂಡ ದಿನಾ ಮಾತಾಡಾಕತ್ತಿದ್ನಲ್ಲಾ! ಅದನ್ನ ಬಂದ್ ಮಾಡ್ಯಾರ," ಎಂದು ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು, "ನನ್ನ ದನಿ ಎಲ್ಲಾ ಹೋತೇನ?"

ಇದು ದೇವರ ಸೇವೆ, ಹಿಂಸೆಯಲ್ಲ ಎಂದು ಮನವಿಯ ಮೇಲೆ ಮನವಿ ಬರೆದೆ. ಪ್ರತಿಸಲ ಅದೇ ಅಚ್ಚಿನ ಉತ್ತರ. ಭಕ್ತಿಯನ್ನು ಅಪರಾಧವೆಂದವರ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಯಾರ ಮುಖಕ್ಕೆ ಹೇಳಲಿ? ಆ ಕಡೆ ಮುಖವೇ ಇರಲಿಲ್ಲ.

ಕಾಕಾ ನನ್ನನ್ನು ಕರೆಸಿ ಕೂಡಿಸಿಕೊಂಡು ನಾಲ್ಕು ಸಾಲು ಹೇಳಿಕೊಟ್ಟರು. ನಾನು ಮಾಸ್ತರಿಣಿ, ಉಳಿದದ್ದು ಶಾಲೆಯ ಪರೀಕ್ಷೆ ಮುಗಿದ ಮೇಲೆ ಎಂದೆ. ಪರೀಕ್ಷೆ ಮುಗಿಯುವುದರೊಳಗೆ ಕಾಕಾ ತೀರಿಕೊಂಡರು. ಖಾತೆ ಇಂದಿಗೂ ತೆರೆದಿಲ್ಲ. ಖಾತೆ ಮುಚ್ಚಿದವರದು ಅನ್ಯಾಯ, ಸರಿ. ನನ್ನ ಸೋಮಾರಿತನಕ್ಕೆ ಯಾವ ಮನವಿ ಬರೆಯಲಿ?

"ಅಕ್ಕಾರ, ಏನ್ ಕೊಡ್ಲಿರಿ?" ಅಂಗಡಿಯವನು ಎರಡನೇ ಸಲ ಕೇಳಿದ. ನನಗರಿವಿಲ್ಲದೆ ಆ ನಾಲ್ಕು ಸಾಲು ಗುನುಗುತ್ತಿದ್ದೆ. ಐದನೆಯದಕ್ಕೆ ಬಾಯಿ ತೆರೆದೆ. ಬರೀ ಹೊಗೆ ಒಳಗೆ ಹೋಯಿತು.

ಜೀರಿಗೆ ಮರೆತು ಗುಗ್ಗುಳ ಕಟ್ಟಿಸಿಕೊಂಡು ಬಂದೆ. ಈ ರವಿವಾರ ಕರೋಶಿಗೆ ಹೊರಟಿದ್ದೇನೆ. ಕಾಕಾನ ಜೋಡಿ ಕುಣಿದ ಹಿರಿಯ ಪುರವಂತರೊಬ್ಬರು ಅಲ್ಲಿದ್ದಾರೆ. ಫೋನು ಮನೆಯಲ್ಲೇ ಇರಲಿ.